ಹ್ಯಾಂಡ್ ಬ್ಲೆಂಡರ್ ಕೊಳ್ಳುವ ಮೊದಲು ಅದರ ಕಾಲು ನೋಡಿ

ಎಲ್ಲರೂ ಮೊದಲು ವ್ಯಾಟ್ ಕೇಳುತ್ತಾರೆ. ಸೂಪ್, ಬೇಯಿಸಿದ ತರಕಾರಿ, ಮೆತ್ತನೆಯ ಹಣ್ಣು ಇಷ್ಟಕ್ಕೇ ಆದರೆ 300 ವ್ಯಾಟ್ ಹತ್ತಿರದ್ದು ಧಾರಾಳ ಸಾಕು. ಜಾಸ್ತಿ ವ್ಯಾಟ್ ಅಂದರೆ ಸಾಮಾನ್ಯವಾಗಿ ತೂಕವೂ ಜಾಸ್ತಿ. ಒಂದೇ ಕೈಯಲ್ಲಿ ಹಿಡಿದು ನಿಲ್ಲಬೇಕಲ್ವಾ?

ನಾನು ಮೊದಲು ನೋಡುವುದು ಕೆಳಗಿನ ಕಾಲನ್ನು, ಅಂದರೆ ತುದಿಯಲ್ಲಿ ಬ್ಲೇಡ್ ಇರುವ ಉದ್ದನೆಯ ಭಾಗವನ್ನು. ಅದು ಸ್ಟೀಲಿನದಾಗಿರಲಿ. ಬಿಸಿ ಪಾತ್ರೆಯೊಳಗೆ ನೇರವಾಗಿ ಇಳಿಸುವ ವಸ್ತು ಅದು. ನನ್ನ ಹಳೆಯದರ ಪ್ಲಾಸ್ಟಿಕ್ ಕಾಲು ಕಲೆ ಹಿಡಿದು, ಅಂಚಿನಲ್ಲಿ ಬಿರುಕು ಬಿಟ್ಟಿತ್ತು. ಕಾಲು ಬಿಚ್ಚಲು ಬರಬೇಕು, ಇಲ್ಲದಿದ್ದರೆ ಮೋಟರಿಗೆ ನೀರು ತಾಗದಂತೆ ತೊಳೆಯುವುದೇ ದೊಡ್ಡ ಕೆಲಸ. ಬ್ಲೇಡಿನ ಸುತ್ತಲಿನ ಗಂಟೆಯಾಕಾರದ ಕವಚಕ್ಕೆ ಅಗಲವಾದ ಕಿಂಡಿಗಳಿವೆಯಾ ನೋಡಿ. ಕಿಂಡಿ ಇಲ್ಲದಿದ್ದರೆ ಅದು ಪಾತ್ರೆಯ ತಳಕ್ಕೆ ಗಬಕ್ಕನೆ ಅಂಟಿಕೊಳ್ಳುತ್ತದೆ, ಮೇಲಿರುವ ತರಕಾರಿ ಕೆಳಗೆ ಬ್ಲೇಡಿನ ಹತ್ತಿರ ಬರುವುದೇ ಇಲ್ಲ.

ಅಂಗಡಿಯಲ್ಲೇ ಕೈಯಲ್ಲಿ ಹಿಡಿದು ಬಟನ್ ಒತ್ತಿ ನೋಡಿ. ತುಂಬಾ ಗಟ್ಟಿ ಬಟನ್ ಆದರೆ ಹೆಬ್ಬೆರಳು ನೋಯುತ್ತದೆ. ವೈರ್ ಒಲೆಯವರೆಗೆ ಬರುತ್ತದಾ ಅಂತಲೂ ಅಂದಾಜು ಮಾಡಿ. ಹತ್ತಾರು ಸ್ಪೀಡ್ ಸುಮ್ನೆ, ಎರಡು ಸಾಕು.

ಇನ್ನೊಂದು. ಇದು ಮಿಕ್ಸಿ ಅಲ್ಲ. ಒಣ ಮಸಾಲೆ, ಗಟ್ಟಿ ಕಾಳು ಹಾಕಿದರೆ ಮೋಟರ್ ಬಿಸಿಯಾಗುತ್ತದೆ. ಎಷ್ಟು ಹೊತ್ತು ಒಂದೇ ಸಮನೆ ಓಡಿಸಬಹುದು ಅಂತ ಕೈಪಿಡಿಯಲ್ಲಿ ಬರೆದಿರುತ್ತಾರೆ, ಎಷ್ಟೋ ಮಾಡೆಲ್‌ಗಳಲ್ಲಿ ಅದು ಒಂದು ನಿಮಿಷ ಅಷ್ಟೇ. ಬ್ಲೇಡಿಗೆ ಸಿಕ್ಕಿಕೊಂಡದ್ದನ್ನು ಬೆರಳಿನಿಂದ ತೆಗೆಯುವ ಮುಂಚೆ ಪ್ಲಗ್ ಕೀಳಿ. ಬಟನ್ ಕೈಯಲ್ಲೇ ಇರುತ್ತದೆ, ಮರೆಯಬೇಡಿ.