ಗೀಟು ಎಳೆದ ಸಾಲಿನಿಂದ ಕಾದಂಬರಿ ಶುರು ಮಾಡಿ

ವಂಶವೃಕ್ಷ ಬರೆದಾಯ್ತು, ಏಳು ತಲೆಮಾರಿನ ಹೆಸರು ಸಿಕ್ಕಿತು, ಟ್ರಂಕಿನಲ್ಲಿದ್ದ ಹಳೇ ಕಾಗದಗಳ ಫೋಟೊನೂ ತೆಗೆದಾಯ್ತು. ಇನ್ನು ಇದನ್ನೇ ಕಾದಂಬರಿ ಮಾಡೋಣ ಅಂತ ಕೂತವರು ಮೊದಲು ಎಡವೋದು ಎಲ್ಲಿ ಗೊತ್ತಾ? ಮುತ್ತಜ್ಜನ ಹುಟ್ಟಿನಿಂದ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡಿದೆ. ನಲವತ್ತು ಪುಟ ಆದರೂ ಮುತ್ತಜ್ಜನಿಗೆ ಮದುವೆಯೇ ಆಗಿರಲಿಲ್ಲ.

ನಮ್ಮದು ಶರಾವತಿ ಮುಳುಗಡೆಯ ಕುಟುಂಬ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಸಾಗರ, ಹೊಸನಗರ ಕಡೆಯ ಎಷ್ಟೋ ಊರುಗಳು ಅಡಿಗೆ ಹೋದವು. ಅಜ್ಜಿಯನ್ನು ಕೇಳಿದರೆ "ಒಂದೇ ದಿನದಲ್ಲಿ ಮನೆ ಬಿಟ್ವಿ" ಅನ್ನುತ್ತಿದ್ದರು. ದೊಡ್ಡಪ್ಪ ಮಾತ್ರ "ಇಡೀ ಬೇಸಿಗೆ ಹಿಡಿಯಿತು, ಹೆಂಚು ಇಳಿಸೋಕೇ ಎಂಟು ದಿನ" ಅನ್ನುತ್ತಾರೆ. ಯಾರ ಮಾತು ಸರಿ ಅಂತ ಎರಡು ವರ್ಷ ತಲೆ ಕೆಡಿಸಿಕೊಂಡೆ. ಆಮೇಲೆ ಅಜ್ಜನ ಲೆಕ್ಕದ ಪುಸ್ತಕದಲ್ಲಿ ಒಂದು ಪಟ್ಟಿ ಕಣ್ಣಿಗೆ ಬಿತ್ತು. ಹೆಂಚು ಇಷ್ಟು, ತೊಲೆ ಇಷ್ಟು, ಬಾಗಿಲು ಆರು, ಒರಳು ಒಂದು. ಒರಳಿನ ಮೇಲೆ ಮಾತ್ರ ಗೀಟು ಎಳೆದಿತ್ತು. ಎತ್ತಿ ಗಾಡಿಗೆ ಹಾಕೋಕೆ ಆಗಲಿಲ್ಲವೋ, ಗಾಡಿಯಲ್ಲಿ ಜಾಗ ಇರಲಿಲ್ಲವೋ, ಅಜ್ಜಿಯೇ ಬೇಡ ಅಂದರೋ, ಯಾರೂ ಹೇಳಿಲ್ಲ. ಬಹುಶಃ ಅಜ್ಜಿಯ ಪಾಲಿಗೆ ಮನೆ ಬಿಟ್ಟಿದ್ದು ಅಂದರೆ ಆ ಒರಳು ಬಿಟ್ಟ ದಿನ. ನಲವತ್ತು ಪುಟ ಬದಿಗಿಟ್ಟು ಅಲ್ಲಿಂದ ಬರೆಯೋಕೆ ಶುರು ಮಾಡಿದೆ.

ನೀವೂ ಅಂಥ ಜಾಗ ಹುಡುಕಿ. ಇಬ್ಬರು ಹಿರಿಯರ ಮಾತು ತಾಳೆಯಾಗದ ಕಡೆ, ಮದುವೆ ಫೋಟೊದಲ್ಲಿ ಇದ್ದೂ ಯಾರೂ ಹೆಸರು ಹೇಳದ ಹೆಂಗಸು, ಪಹಣಿಯಲ್ಲಿ ಇದ್ದಕ್ಕಿದ್ದಂತೆ ಬದಲಾದ ಹೆಸರು. ದಾಖಲೆ ಹೇಳಿದ್ದನ್ನು ತಿದ್ದೋಕೆ ಹೋಗಬೇಡಿ. ಅಣೆಕಟ್ಟು ಮುಗಿದ ವರ್ಷ ನಿಮ್ಮ ಕೈಯಲ್ಲಿಲ್ಲ, ಆದರೆ ಅವತ್ತು ಒರಳಿನ ಮುಂದೆ ಅಜ್ಜಿ ಏನಂದರು ಅನ್ನೋದು ಪೂರ್ತಿ ನಿಮ್ಮದು.

ತಾರೀಖಿನ ವಿಷಯದಲ್ಲಿ ಹುಷಾರು. ಹಳೇ ಕಾಗದದಲ್ಲಿ ಎಷ್ಟೋ ಸಲ ಇಸವಿಯೇ ಇರುವುದಿಲ್ಲ, "ಕ್ರೋಧಿ ಸಂವತ್ಸರದ ಮಾಘ ಬಹುಳ ಪಂಚಮಿ" ಅಂತ ಇರುತ್ತದೆ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದಲ್ಲ, ಕ್ರೋಧಿ 1904ರಲ್ಲೂ ಬಂದಿತ್ತು, 1964ರಲ್ಲೂ ಬಂತು, 2024ರಲ್ಲೂ ಬಂತು. ಯಾವುದು ಅಂತ ತಿಳಿಯೋಕೆ ಛಾಪಾ ಕಾಗದದ ಮುದ್ರೆ ನೋಡಿ, ಮಹಾರಾಜರ ಕಾಲದ್ದೋ ಸ್ವಾತಂತ್ರ್ಯ ಬಂದ ಮೇಲಿನದೋ ಅಲ್ಲೇ ಗೊತ್ತಾಗುತ್ತದೆ. ಇನ್ನೊಂದು, ಸಂವತ್ಸರ ಬದಲಾಗೋದು ಯುಗಾದಿಗೆ. ಹಾಗಾಗಿ 1964ರ ಕ್ರೋಧಿಯ ಮಾಘ ಮಾಸ ಬರೋದು 1965ರಲ್ಲಿ. ಶಾಲೆ ರಿಜಿಸ್ಟರಿನ ಹುಟ್ಟಿದ ದಿನವನ್ನಂತೂ ಕಣ್ಣುಮುಚ್ಚಿ ನಂಬಬೇಡಿ, ಎಷ್ಟೋ ಮಕ್ಕಳಿಗೆ ಮೇಷ್ಟ್ರು ಅಂದಾಜಿನ ಮೇಲೆ ಬರೆದದ್ದು ಅದು.

ಉತ್ತರ ಕರ್ನಾಟಕದ ಮನೆತನದವರಾದರೆ ನಿಮಗೆ ಇನ್ನೊಂದು ಅದೃಷ್ಟ, ಹೆಳವರು. ಅವರು ಊರಿಗೆ ಬಂದು ವಂಶ ಹೇಳುವಾಗ ಸುಮ್ನೆ ಹೆಸರು ಬರೆದುಕೊಂಡು ಕಳಿಸಬೇಡಿ. ಹಿಂದಿನ ಊರು ಯಾವುದು, ಯಾಕೆ ಬಿಟ್ಟು ಬಂದರು ಅಂತ ಕೇಳಿ. ಹೆಸರಿಗಿಂತ ಆ "ಯಾಕೆ" ಕಥೆಗೆ ಜಾಸ್ತಿ ಬೇಕು.

ಸಣ್ಣ ತಪ್ಪುಗಳು ಓದುಗರ ಹಲ್ಲಿಗೆ ಕಲ್ಲಿನಂತೆ ಸಿಗುತ್ತವೆ. ನನ್ನ ಮೊದಲ ಕರಡಿನಲ್ಲಿ 1964ರ ಒಬ್ಬ ಗುಮಾಸ್ತ "ಕರ್ನಾಟಕ ಸರ್ಕಾರದ ನೋಟಿಸು" ಅಂದಿದ್ದ. ಆಗ ಇದ್ದದ್ದು ಮೈಸೂರು ರಾಜ್ಯ, ಹೆಸರು ಬದಲಾಗಿದ್ದು 1973ರ ನವೆಂಬರ್ 1ಕ್ಕೆ. ದುಡ್ಡಿನ ಕಥೆಯೂ ಹಾಗೇ. ರೂಪಾಯಿಗೆ 16 ಆಣೆ ಹೋಗಿ 100 ನಯಾಪೈಸೆ ಬಂದಿದ್ದು 1957ರ ಏಪ್ರಿಲ್ 1ಕ್ಕೆ, ಆದರೆ 25 ಪೈಸೆಗೆ ನಾಲ್ಕಾಣೆ ಅನ್ನೋದು ಜನರ ಬಾಯಿಂದ ಎಷ್ಟೋ ವರ್ಷ ಹೋಗಲಿಲ್ಲ. ಪಾತ್ರದ ಬಾಯಿಗೆ ಆಣೆ ಕೊಡಿ, ಕಚೇರಿ ರಸೀತಿಗೆ ನಯಾಪೈಸೆ ಕೊಡಿ.

ಓದಿದ್ದೆಲ್ಲ ಪುಟದ ಮೇಲೆ ಸುರಿಯೋ ಆಸೆ ಆಗುತ್ತದೆ. ನನಗೂ ಆಯಿತು. ಸಾಗರದ ಹತ್ತಿರದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತಲ್ಲ, ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದಾಗಿದೆ ಅನ್ನೋದು ಆ ಜಗಳದ ಬುಡದಲ್ಲಿತ್ತು. ಇದನ್ನು ಒಬ್ಬ ಮುದುಕನ ಬಾಯಲ್ಲಿ ಎರಡು ಪುಟ ಭಾಷಣ ಮಾಡಿಸಿದ್ದೆ. ಎಲ್ಲ ಹೊಡೆದು ಹಾಕಿ ಇಷ್ಟು ಬರೆದೆ: "ಕೊಳಗದ ಬಾಯಿ ಮೇಲೆ ಭತ್ತ ಗೋಪುರದ ಹಾಗೆ ಏರಿತು. ತಿಮ್ಮ ಗೋಪುರವನ್ನೇ ನೋಡುತ್ತಿದ್ದ. ಒಡೆಯರು ಅಡಿಕೆ ಮರ ನೋಡುತ್ತಿದ್ದರು."

ಇಲ್ಲೇ ಒಂದು ಕಷ್ಟದ ಪ್ರಶ್ನೆ ಬರುತ್ತದೆ. ಆ ಅಂಗಳದಲ್ಲಿ ನಿಮ್ಮ ಮನೆಯವರು ಯಾವ ಕಡೆ ನಿಂತಿದ್ದರು? ಒಡೆಯರ ಮನೆಯ ಅಜ್ಜಿ ಹೇಳೋ ಕಥೆಯಲ್ಲಿ ಒಕ್ಕಲಿನವರೆಲ್ಲ ಸಂತೋಷವಾಗೇ ಇರುತ್ತಾರೆ. ಹಾಗಾಗಿ ಒಕ್ಕಲಿನ ಮನೆಗೂ ಹೋಗಿ ಜಗಲಿಯ ಮೇಲೆ ಕೂತು ಕೇಳಿ, ನಾನು ಹೋಗಿದ್ದು ತಡವಾಯಿತು.

ಹೆಸರು ಬದಲಿಸಿ, ಬೇಕಾದರೆ ಇಬ್ಬರು ಚಿಕ್ಕಪ್ಪಂದಿರನ್ನು ಸೇರಿಸಿ ಒಬ್ಬನನ್ನು ಮಾಡಿ. ಕರಡು ಮುಗಿದ ಮೇಲೆ ಮನೆಯ ಹಿರಿಯರಿಗೆ ಕೊಡುವಾಗ "ಹೇಗಿದೆ" ಅಂತ ಕೇಳಬೇಡಿ, "ಚೆನ್ನಾಗಿದೆ" ಅಂದುಬಿಡುತ್ತಾರೆ. "ಎಲ್ಲಿ ತಪ್ಪಿದೆ" ಅಂತ ಕೇಳಿ. ದೊಡ್ಡಪ್ಪ ನನ್ನ ಮೊದಲ ಅಧ್ಯಾಯ ಓದಿ, ಕನ್ನಡಕ ತೆಗೆದು, ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಒರಳು ಅಡಿಗೆಮನೆಯಲ್ಲಿ ಅಲ್ಲ ಮಾರಾಯ, ಹಿತ್ತಲ ಕಡೆ ಇತ್ತು."