625ಕ್ಕೆ 625 ಬೇಕು ಅನ್ನುವ ಒತ್ತಡವನ್ನು ಮೊಬೈಲ್‌ನಲ್ಲಿ ತೋರಿಸುವುದು ಹೇಗೆ?

ಹಾಸನದಲ್ಲಿ ಕಿರುಚಿತ್ರ ಮಾಡಬೇಕು ಅಂತ ನನ್ನ ಹತ್ತಿರ ಬರುವ ಮಕ್ಕಳು ಜಾಸ್ತಿ ತರುವುದು ಒಂದೇ ಕಥೆ. ಎಸ್ಸೆಸ್ಸೆಲ್ಸಿ ಹುಡುಗಿ, 625ಕ್ಕೆ 625 ಬೇಕು ಅನ್ನುವ ಮನೆ. ಕಥೆ ಒಳ್ಳೆಯದೇ. ಆದರೆ ಎಲ್ಲರೂ ಮೊದಲು ಬರೆಯುವುದು ಅಪ್ಪ ಕೂಗಾಡುವ ದೃಶ್ಯ. ಅದನ್ನು ತೆಗೆದುಬಿಡಿ. ಅಪ್ಪ ಕೂಗಿದರೆ ನೋಡುವವರು ಅವನನ್ನು ಬೈದು ಹಗುರಾಗುತ್ತಾರೆ. ಒತ್ತಡ ಹುಡುಗಿಯ ಒಳಗಿದೆ. ಅವಳಿಗೆ ಆಗುವ ಕಿರಿಕಿರಿ ನಮಗೂ ಆಗಬೇಕು.

ಮೊದಲು ಕ್ಯಾಮೆರಾ. 2010ರ ‘ಬ್ಲ್ಯಾಕ್ ಸ್ವಾನ್’ ನೋಡಿ. ನಿರ್ದೇಶಕ ಡ್ಯಾರೆನ್ ಅರೊನಾಫ್ಸ್ಕಿ 16 ಎಂಎಂ ಕ್ಯಾಮೆರಾವನ್ನು ಕೈಯಲ್ಲೇ ಹಿಡಿಸಿ ಬ್ಯಾಲೆ ನರ್ತಕಿಯ ಬೆನ್ನ ಹಿಂದೆ ಓಡಿಸಿದ್ದಾರೆ. ಅವಳಿಗೆ ಉಸಿರಾಡಲು ಜಾಗವಿಲ್ಲ, ನಮಗೂ ಇಲ್ಲ. ಮೊಬೈಲ್‌ನಲ್ಲಾದರೆ ಜೂಮ್ ಬೇಡ. ಮುಖಕ್ಕೆ ಒಂದಡಿ ಹತ್ತಿರ ಹಿಡಿಯಿರಿ. ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದಂತೆ ಕಾಣುತ್ತದೆ. ಆ ವಿಕಾರ ಇರಲಿ. ಇಡೀ ಕೋಣೆ ಕಾಣುವ ಶಾಟ್ ಶುರುವಿನಲ್ಲಿ ಒಮ್ಮೆ ಕೊಡಿ, ಆಮೇಲೆ ಕೊಡಲೇಬೇಡಿ. ಟ್ಯೂಬ್‌ಲೈಟ್ ಇದ್ದರೆ ಪ್ರೊ ಮೋಡ್‌ನಲ್ಲಿ, ಅಂದರೆ ಕ್ಯಾಮೆರಾವನ್ನು ನಾವೇ ಹೊಂದಿಸುವ ಮೋಡ್‌ನಲ್ಲಿ, ಶಟರ್ ವೇಗವನ್ನು ಸೆಕೆಂಡಿನ 1/50ಕ್ಕೆ ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಇಲ್ಲದಿದ್ದರೆ ಬೆಳಕು ಮಿಣುಕಬಹುದು.

ಕನ್ನಡಿ ಶಾಟ್‌ಗೆ ಬೇಲೂರಿನ ದರ್ಪಣ ಸುಂದರಿಯ ಮುಂದೆ ಹೋಗೋಣ ಅನ್ನುತ್ತಾರೆ. ಬೇಡ. ಆ ಶಿಲ್ಪ ಎಷ್ಟು ಚೆಂದ ಅಂದರೆ ನೋಡಿದರೆ ಮನಸ್ಸು ತಣ್ಣಗಾಗುತ್ತದೆ. ನಮಗೆ ಬೇಕಿರುವುದು ಅದಲ್ಲವಲ್ಲ. ಮನೆಯ ಬೀರು ಕನ್ನಡಿ ಸಾಕು. ಅದರ ಅಂಚು ಅವಳ ಮುಖವನ್ನು ಅರ್ಧಕ್ಕೆ ಕತ್ತರಿಸಲಿ.

ನಿಜವಾದ ಕೆಲಸ ಇರುವುದು ಸದ್ದಿನಲ್ಲಿ. 2014ರ ‘ವಿಪ್ಲ್ಯಾಶ್’ ಸಂಕಲನ ಮತ್ತು ಸೌಂಡ್ ಮಿಕ್ಸಿಂಗ್ ಎರಡಕ್ಕೂ ಆಸ್ಕರ್ ಪಡೆದ ಚಿತ್ರ. ಕಠೋರ ಗುರುವಿನ ಕೈಕೆಳಗೆ ಡ್ರಮ್ ಕಲಿಯುವ ಹುಡುಗನ ಕಥೆ ಅದು. ಡ್ರಮ್ ಏಟಿಗೆ ಸರಿಯಾಗಿ ಕಟ್‌ಗಳು ಬೀಳುತ್ತವೆ. ಬೆವರು, ರಕ್ತ, ಮತ್ತೆ ಏಟು. ಗುರು ಮುಷ್ಟಿ ಎತ್ತಿದರೆ ಎಲ್ಲ ನಿಶ್ಶಬ್ದ. ಆ ನಿಶ್ಶಬ್ದಕ್ಕೇ ಹೆದರಿಕೆ ಆಗುತ್ತದೆ. ನೀವು ಪೆನ್ನು ಗೀಚುವ ಸದ್ದು, ಫ್ಯಾನಿನ ಕಿರಕಿರ, ಪಕ್ಕದ ಮನೆಯ ಕುಕ್ಕರ್, ಬಿ.ಎಂ. ರಸ್ತೆಯ ಬಸ್ ಹಾರ್ನ್ ಎಲ್ಲವನ್ನೂ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳಿ. ಮೊದಲು ಎಲ್ಲವೂ ಮಾಮೂಲಾಗಿ ಕೇಳಲಿ. ಆಮೇಲೆ ಹಾರ್ನ್ ತೆಗೆಯಿರಿ, ಕುಕ್ಕರ್ ತೆಗೆಯಿರಿ, ಫ್ಯಾನ್ ತೆಗೆಯಿರಿ. ಪೆನ್ನು ಮಾತ್ರ ಉಳಿದು ದೊಡ್ಡದಾಗುತ್ತಾ ಹೋಗಲಿ. ಪಿಟೀಲು ಖಂಡಿತ ಬೇಡ. ಸಂಗೀತ ಬಂದರೆ ಹೀಗೆ ದುಃಖಪಡಿ ಅಂತ ಹೇಳಿಕೊಟ್ಟಂತಾಗುತ್ತದೆ.

ಒಂದು ಮಾತು ಮರೆಯಬೇಡಿ. ನಟಿಸುವ ಹುಡುಗಿಯನ್ನು ನಿಜವಾಗಿ ಬೈದು ಅಳಿಸಬೇಡಿ. ಲೆನ್ಸು, ಸದ್ದು, ಕತ್ತರಿ ಮಾಡಬೇಕಾದ ಕೆಲಸವನ್ನು ಒಂದು ಮಗುವಿನ ಮೇಲೆ ಹಾಕುವುದು ಅನ್ಯಾಯ. ಸರಿ ಬರಲಿಲ್ಲ ಅಂತ ಟೇಕ್ ಮೇಲೆ ಟೇಕ್ ತೆಗೆಸಿದರೆ ನಾವೂ ಕಥೆಯಲ್ಲಿರುವ ಮನೆಯವರ ಹಾಗೇ ಆದೆವು, ಅಲ್ವಾ?

ಎಡಿಟ್ ಮಾಡುವಾಗ ಅವಳು ಉಸಿರು ಬಿಡುವ ಮೊದಲೇ ಕಟ್ ಮಾಡಿ. ಎಲ್ಲ ಮುಗಿದ ಮೇಲೆ ಕಣ್ಣು ಮುಚ್ಚಿ ಬರೀ ಸದ್ದು ಕೇಳಿ. ಎದೆ ಬಿಗಿಯಾಗದಿದ್ದರೆ ದೃಶ್ಯ ಮುಟ್ಟಬೇಡಿ, ಸದ್ದನ್ನು ಮತ್ತೆ ಜೋಡಿಸಿ.