ಕ್ಯೋಟೋದ ಮಳೆಗೆ ಮಡಿಕೇರಿಯಲ್ಲಿ ಅಚ್ಚು

ಹೊರದೇಶದಲ್ಲಿ ಇದ್ದು ಬಂದವರು ಚಿತ್ರ ಮಾಡಲು ಕೂತರೆ ಮೊದಲು ಫೋನಿನ ಫೋಟೋ ಹುಡುಕುತ್ತಾರೆ. ಅದನ್ನು ಬದಿಗಿಡಿ. ಜಪಾನಿನ ಕ್ಯೋಟೋದ ಕೆಂಪು ಕಮಾನುಗಳ ಫೋಟೋ ಎರಡು ದಿನ ಸುತ್ತಿ ಬಂದವರ ಹತ್ತಿರವೂ ಇರುತ್ತದೆ, ಅಲ್ವಾ? ಬಾಡಿಗೆ ಕಟ್ಟಿ ಬದುಕಿದವರಿಗೆ ಗೊತ್ತಿರುವುದೇ ಬೇರೆ. ಜೂನ್ ಮಳೆಗೆ ಅಂಗಡಿ ಬಾಗಿಲಲ್ಲಿ ತೊಟ್ಟಿಕ್ಕುತ್ತಾ ನಿಂತ ಪ್ಲಾಸ್ಟಿಕ್ ಕೊಡೆಗಳು, ಬಾಲ್ಕನಿಯಲ್ಲಿ ಒಣಗದ ಬಟ್ಟೆ. ಅಂಥದ್ದೊಂದನ್ನು ನೆನಪಿನಿಂದಲೇ ಬರೆಯಿರಿ.

ನಾನು ಮಾಡುವುದು ಅಲ್ಲಿ ಕಲಿತ ಮೊಕುಹಾಂಗ, ಅಂದರೆ ಮರದ ಹಲಗೆ ಕೆತ್ತಿ ಕಾಗದಕ್ಕೆ ಅಚ್ಚೊತ್ತುವುದು. ಪ್ರೆಸ್ ಬೇಡ, ಎಣ್ಣೆ ಇಂಕೂ ಬೇಡ. ವಾಟರ್ ಕಲರ್, ಅಕ್ಕಿ ಹಿಟ್ಟಿನ ಅಂಟು ಸಾಕು. ಅಲ್ಲಿ ಚೆರ್ರಿ ಹಲಗೆ ಬಳಸುತ್ತಾರೆ, ಇಲ್ಲಿ ನನಗೆ ನುಣುಪಾದ ಪ್ಲೈವುಡ್ಡೇ ಗತಿ.

ತೆಳು ಕಾಗದದಲ್ಲಿ ಬರೆದು, ಬರೆದ ಮುಖ ಕೆಳಗಾಗಿ ಹಲಗೆಗೆ ಅಂಟಿಸಿ. ಗೆರೆ ಉಳಿಸಿ ಉಳಿದದ್ದನ್ನು ಕೆತ್ತಿ. ಮಳೆಗೆ ಬೇರೆಯೇ ಹಲಗೆ ಇರಲಿ. ಹಿರೋಶಿಗೆ ಎಂಬ ಜಪಾನಿ ಕಲಾವಿದ 1857ರ ಅಚ್ಚಿನಲ್ಲಿ ಸೇತುವೆಯ ಮೇಲೆ ಸುರಿಸಿದ ಮಳೆ ನೋಡಿ, ಬರೀ ತೆಳು ಓರೆ ಗೆರೆಗಳು. ಪ್ರತಿ ಹಲಗೆಯಲ್ಲೂ ಒಂದೇ ಜಾಗದಲ್ಲಿ ಒಂದು ಮೂಲೆ ಗುರುತು, ಒಂದು ಅಂಚಿನ ಗುರುತು ಕೆತ್ತಿ. ಕಾಗದವನ್ನು ಅಲ್ಲಿಗೆ ತಾಗಿಸಿಟ್ಟರೆ ಬಣ್ಣ ಆಚೀಚೆ ಹೋಗುವುದಿಲ್ಲ.

ಇನ್ನು ಕಾಗದ. ಉದ್ದ ನಾರಿನದ್ದೇ ಬೇಕು. ನೇಪಾಳದ ಲೋಕ್ತಾ ನಡೆಯುತ್ತದೆ. ಒದ್ದೆ ಪೇಪರಿನ ನಡುವೆ ಇಟ್ಟು, ಪ್ಲಾಸ್ಟಿಕ್ ಸುತ್ತಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮುಟ್ಟಿದರೆ ತಣ್ಣಗಿರಬೇಕು, ಮೇಲೆ ನೀರು ಹೊಳೆಯಬಾರದು. ಬೇಸಿಗೆಯಲ್ಲಿ ಈ ಹದ ಬೇಗ ಕೈಬಿಡುತ್ತದೆ. ಕೊಡಗಿನ ಜುಲೈಯಲ್ಲಿ ಆ ಚಿಂತೆಯೇ ಇಲ್ಲ, ಗಾಳಿಯೇ ಒದ್ದೆ! ಆದರೆ ಬೂಷ್ಟು ಕಾದು ಕೂತಿರುತ್ತದೆ. ಅಂಟನ್ನು ದಿನಾ ಹೊಸದಾಗಿ ಕಾಸಿ, ನೆನೆದ ಕಾಗದವನ್ನು ಜಾಸ್ತಿ ದಿನ ಇಡಬೇಡಿ.

ಹಲಗೆಗೆ ಬಣ್ಣದ ಜೊತೆ ಚೂರು ಅಂಟು ಸೇರಿಸಿ ಬ್ರಷ್‌ನಿಂದ ತಿಕ್ಕಿ, ಕಾಗದ ಇಟ್ಟು ಬೆನ್ನು ಉಜ್ಜಿ. ಉಜ್ಜಲು ಅಲ್ಲಿ ಬಿದಿರಿನ ಪೊರೆ ಸುತ್ತಿದ ಬಾರೆನ್ ಇದೆ. ನಾನು ಅಮ್ಮನ ಮರದ ಸೌಟಿನ ಬೆನ್ನಲ್ಲೇ ಸುಧಾರಿಸುತ್ತೇನೆ. ಬೈಗುಳ ಗ್ಯಾರಂಟಿ.

ಕೊಡಗನ್ನು ಎಲ್ಲಿ ತರುವುದು? ಪಗೋಡಾ ಪಕ್ಕ ಕಾಫಿ ಗಿಡ ನಿಲ್ಲಿಸಬೇಡಿ, ಸುಮ್ನೆ ಕ್ಯಾಲೆಂಡರ್ ಆಗುತ್ತದೆ. ತೋಟದ ಸಿಲ್ವರ್ ಓಕ್ ತುದಿಗಳು ಮಂಜಿನಲ್ಲಿ ಕರಗುವುದನ್ನು ನೋಡಿ, ಆ ಬೂದುಬಣ್ಣವನ್ನು ಕ್ಯೋಟೋದ ಆಕಾಶಕ್ಕೆ ಹಾಕಿ. ಹಲಗೆಯ ಒಂದು ಬದಿಗೆ ಬರೀ ನೀರು, ಇನ್ನೊಂದು ಬದಿಗೆ ಬಣ್ಣ ಹಚ್ಚಿ, ಬ್ರಷ್ಷನ್ನು ಅಡ್ಡಡ್ಡ ಎಳೆದರೆ ಬಣ್ಣ ತಾನಾಗಿ ತೆಳುವಾಗುತ್ತದೆ. ಇದಕ್ಕೆ ಬೊಕಾಶಿ ಅನ್ನುತ್ತಾರೆ.

ಅಚ್ಚಾದ ಮೇಲೆ ಒಲೆ ಹತ್ತಿರ ಒಣಗಿಸಲು ಹೋಗಬೇಡಿ, ಕಾಗದ ಮುದುರುತ್ತದೆ. ಒಣ ರಟ್ಟುಗಳ ನಡುವೆ ಇಟ್ಟು ಮೇಲೆ ಭಾರ ಹೇರಿ. ಮಳೆಗಾಲದಲ್ಲಿ ರಟ್ಟನ್ನು ದಿನಕ್ಕೊಮ್ಮೆ ಬದಲಿಸಿ.